ಮಡಿಕೇರಿ ರಸ್ತೆಯ ‘ಅನ್‌ಲಿಮಿಟೆಡ್’ ಕೊಡವ ಊಟ: ಅಡುಗೆಗೆ ಮೆಚ್ಚುಗೆ, ಏರ್ಪಾಡಿಗೆ ತಕರಾರು

ಕುಶಾಲನಗರ ದಾಟಿ ಮಡಿಕೇರಿಯ ಕಡೆಗೆ ಘಟ್ಟ ಹತ್ತುವ ಹೆದ್ದಾರಿಯ ಎರಡೂ ಬದಿಯಲ್ಲಿ ಈಚಿನ ವರ್ಷಗಳಲ್ಲಿ ‘ಅನ್‌ಲಿಮಿಟೆಡ್ ಕೊಡವ ಊಟ’ ಎಂಬ ಫಲಕಗಳು ಒಂದೊಂದಾಗಿ ಎದ್ದು ನಿಂತಿವೆ. ಅವುಗಳಲ್ಲಿ ಒಂದು ಹೋಟೆಲಿನ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಏಕೆಂದರೆ ನನ್ನ ಆಕ್ಷೇಪವಿರುವುದು ಆ ಒಬ್ಬ ಮಾಲೀಕರ ಮೇಲಲ್ಲ, ಪ್ರವಾಸಿಗರ ಊರಾಗಿಬಿಟ್ಟ ಕೊಡಗಿನಲ್ಲಿ ಎಲ್ಲರೂ ಹಿಡಿಯುತ್ತಿರುವ ಒಂದು ಪದ್ಧತಿಯ ಮೇಲೆ. ಮೊದಲೇ ಹೇಳಿಬಿಡುವುದಾದರೆ, ಈ ಅಡುಗೆಮನೆಯವರಿಗೆ ಪಂದಿಕರಿ, ಅಂದರೆ ಕೊಡವರ ಹಂದಿಮಾಂಸದ ಕರಿ, ಮಾಡಲು ಚೆನ್ನಾಗಿ ಬರುತ್ತದೆ. ಅದನ್ನು ಬಡಿಸಲು ಅವರು ಕಂಡುಕೊಂಡಿರುವ ದಾರಿ ಮಾತ್ರ ಆ ಅಡುಗೆಗೂ ತಿನ್ನುವವರಿಗೂ ನ್ಯಾಯ ಒದಗಿಸುವುದಿಲ್ಲ.

ಮಾಂಸಾಹಾರದ ಮಿತಿಯಿಲ್ಲದ ಊಟಕ್ಕೆ ತಲೆಗೆ 550 ರೂಪಾಯಿ, ಸಸ್ಯಾಹಾರಕ್ಕೆ 350, ಮಕ್ಕಳಿಗೆ 250. ಇದರ ಮೇಲೆ ಶೇ 5ರ ಜಿಎಸ್‌ಟಿ. ಇದಲ್ಲದೆ ಬಿಡಿಬಿಡಿಯಾಗಿ ತರಿಸಿಕೊಳ್ಳುವ ಪಟ್ಟಿಯೂ ಇದೆ, ಆದರೆ ಅದನ್ನು ಕೇಳಿದರೆ ಮಾತ್ರ ತಂದುಕೊಡುತ್ತಾರೆ. ಬಾಗಿಲಲ್ಲಿ, ಮೇಜಿನ ಮೇಲೆ, ಕೈತೊಳೆಯುವ ಜಾಗದ ಗೋಡೆಯಲ್ಲಿ ಕಾಣಿಸುವುದು ಮಿತಿಯಿಲ್ಲದ ಊಟದ ಜಾಹೀರಾತು ಒಂದೇ. ವಾರಾಂತ್ಯದಲ್ಲಿ ಬೆಂಗಳೂರು, ಮೈಸೂರು ನೋಂದಣಿಯ ಕಾರುಗಳು ಅಂಗಳ ತುಂಬಿ ರಸ್ತೆಯವರೆಗೂ ನಿಂತಿರುತ್ತವೆ. ಜಾಗ ಸಿಗಲು ಮುಕ್ಕಾಲು ಗಂಟೆಯಾದರೂ ಕಾಯಬೇಕು. ಕಾಯುವವರಿಗೆ ಬೆಂಚು ಹಾಕಿ, ನೆರಳು ಮಾಡಿ, ಕುಡಿಯಲು ನೀರಿಟ್ಟಿದ್ದಾರೆ ಎಂಬುದನ್ನು ಮೆಚ್ಚಿ ಬರೆಯಲೇಬೇಕು.

ಒಳಗೆ ಉದ್ದನೆಯ ಮೇಜಿನ ಮೇಲೆ ಸ್ಟೀಲಿನ ಟ್ರೇಗಳು ಸಾಲಾಗಿ ಇರುತ್ತವೆ, ಅವುಗಳ ಕೆಳಗೆ ಸಣ್ಣ ಉರಿ. ಪಂದಿಕರಿ, ಕೋಳಿ ಕರಿ, ಕುರಿ ಮಾಂಸದ ಸಾರು, ಬೈಂಬಳೆ (ಬಿದಿರಿನ ಕಣಿಲೆ) ಕರಿ, ಕುಮ್ಮು (ಅಣಬೆ) ಕರಿ, ಕಾಡುಮಾವಿನ ಕರಿ. ಜೊತೆಗೆ ಅಕ್ಕಿಯ ತಿನಿಸುಗಳಾದ ಕಡಂಬುಟ್ಟು, ನೂಪುಟ್ಟು (ಶಾವಿಗೆ), ಪಾಪುಟ್ಟು, ಅಕ್ಕಿ ಒಟ್ಟಿ (ರೊಟ್ಟಿ), ತುಪ್ಪದ ಅನ್ನ. ಇಷ್ಟಕ್ಕೇ ನಿಲ್ಲಿಸಿದ್ದರೂ ಒಂದು ಮದುವೆ ಮನೆಯ ಊಟವಾಗುತ್ತಿತ್ತು. ಆದರೆ ಅದರಾಚೆಗೆ ಗೋಬಿ ಮಂಚೂರಿ, ನೂಡಲ್ಸ್, ಪನೀರ್ ಬಟರ್ ಮಸಾಲ, ಎರಡು ಬಗೆಯ ಬಿರಿಯಾನಿ, ಗುಲಾಬ್ ಜಾಮೂನು ಮತ್ತು ಐಸ್‌ಕ್ರೀಮ್ ಕೂಡ ಇವೆ. ಕೊಡವ ಊಟ ಎಂದು ಹೇಳಿಕೊಂಡು ಮಂಚೂರಿ ಏಕೆ ಎಂದು ಕೇಳಿದರೆ, ಮಕ್ಕಳು ಕೇಳುತ್ತಾರೆ ಸಾರ್ ಎಂಬ ಉತ್ತರ ಬರುತ್ತದೆ. ಉತ್ತರ ಸುಳ್ಳಲ್ಲ, ಆದರೆ ಮಂಚೂರಿಯ ಟ್ರೇಯ ಮುಂದೆ ನಿಂತಿದ್ದವರಲ್ಲಿ ದೊಡ್ಡವರೇ ಹೆಚ್ಚಿದ್ದರು.

ಪಂದಿಕರಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಈ ಹೋಟೆಲಿನ ಯೋಗ್ಯತೆಯೂ ದೋಷವೂ ಅದರಲ್ಲೇ ಕಾಣುತ್ತವೆ. ಚರ್ಮ ಮತ್ತು ಕೊಬ್ಬು ಸಮೇತ ತುಂಡು ಮಾಡಿದ ಹಂದಿಮಾಂಸವನ್ನು ಅದರದೇ ಕೊಬ್ಬಿನಲ್ಲಿ ಬೇಯಲು ಬಿಟ್ಟು, ಕೊತ್ತಂಬರಿ, ಜೀರಿಗೆ, ಸಾಸಿವೆ, ಮೆಂತ್ಯ, ಕಾಳುಮೆಣಸುಗಳನ್ನು ಕಪ್ಪಾಗುವಷ್ಟು ಹುರಿದು ಪುಡಿ ಮಾಡಿ ಹಾಕಿ, ಕೊನೆಯಲ್ಲಿ ಕಾಚಂಪುಳಿ ಬೆರೆಸುವುದು ಇದರ ಕ್ರಮ. ಕಾಚಂಪುಳಿ ಎಂದರೆ ಮಳೆಗಾಲದಲ್ಲಿ ಹಣ್ಣಾಗುವ ಪಣಪುಳಿ ಎಂಬ ಹುಳಿಹಣ್ಣಿನ ರಸವನ್ನು ಸೋರಿಸಿ, ಗಂಟೆಗಟ್ಟಲೆ ಕುದಿಸಿ, ಡಾಂಬರಿನಷ್ಟು ಕಪ್ಪಾಗಿ ಮಂದವಾಗುವಂತೆ ಇಳಿಸಿದ ಹುಳಿ. ಇದು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಒಂದು ಕಿಲೋ ಮಾಂಸಕ್ಕೆ ಒಂದೆರಡು ಚಮಚ ಸಾಕು. ಹೆಚ್ಚಾದರೆ ಇಡೀ ಪಾತ್ರೆ ಒಗರಾಗುತ್ತದೆ, ಕಡಿಮೆಯಾದರೆ ಕೊಬ್ಬಿನ ಜಿಡ್ಡು ನಾಲಿಗೆಗೆ ಹತ್ತಿಕೊಳ್ಳುತ್ತದೆ. ಹಾಗಾಗಿ ಕೊಡವರ ಅಡುಗೆಮನೆಯಲ್ಲಿ ಕೊನೆಯ ಆ ಚಮಚವನ್ನು ಮನೆಯ ಹಿರಿಯರು ತಾವೇ ಬಂದು ಹಾಕುವುದನ್ನು ಈಗಲೂ ನೋಡಬಹುದು.

ಈ ಹೋಟೆಲಿನಲ್ಲಿ ಹನ್ನೆರಡೂವರೆಯ ಹೊತ್ತಿಗೆ ಹೊಸದಾಗಿ ತಂದಿಟ್ಟ ಟ್ರೇಯಿಂದ ಬಡಿಸಿಕೊಂಡ ಪಂದಿಕರಿ ನಿಜಕ್ಕೂ ಉತ್ತಮವಾಗಿತ್ತು. ಮಸಾಲೆ ಕಪ್ಪಾಗಿತ್ತು, ಕಹಿಯಾಗಿರಲಿಲ್ಲ. ಚರ್ಮ ಹಲ್ಲಿಗೆ ಸಿಕ್ಕಿ ಬಿಡುತ್ತಿತ್ತು. ಹುಳಿ ಮೊದಲು ಗೊತ್ತಾಗದೆ ನುಂಗಿದ ಮೇಲೆ ಗಂಟಲಲ್ಲಿ ಉಳಿಯುತ್ತಿತ್ತು. ಇದೇ ಟ್ರೇಯಿಂದ ಎರಡು ಗಂಟೆಯ ಹೊತ್ತಿಗೆ ಮತ್ತೆ ತಿಂದಾಗ ಅದು ಬೇರೆಯೇ ಪದಾರ್ಥವಾಗಿತ್ತು. ಕೆಳಗಿನ ಉರಿಗೆ ನೀರಿನಂಶ ಆರಿ ಹುಳಿಯೂ ಉಪ್ಪೂ ಏರಿದ್ದವು, ಕೊಬ್ಬು ಬೇರ್ಪಟ್ಟು ಬೆರಳೆತ್ತರದ ಎಣ್ಣೆಯಾಗಿ ಮೇಲೆ ನಿಂತಿತ್ತು, ಮಾಂಸ ನಾರುನಾರಾಗಿತ್ತು. ಹಳೆಯ ಟ್ರೇ ಖಾಲಿಯಾಗುವ ಮೊದಲೇ ಅದರ ಮೇಲೆ ಹೊಸದನ್ನು ಸುರಿಯುತ್ತಿದ್ದುದರಿಂದ ಎರಡೂ ಕೆಟ್ಟವು. ಕಡಂಬುಟ್ಟಿನ ಪಾಡು ಇನ್ನೂ ಕಷ್ಟ. ಅಕ್ಕಿ ತರಿಯನ್ನು ಬೇಯಿಸಿ ಉಂಡೆ ಕಟ್ಟಿ ಹಬೆಯಲ್ಲಿಟ್ಟ ಇದನ್ನು ಮುರಿದಾಗ ಆವಿ ಹೊರಬರಬೇಕು, ಹಾಗೆ ಮುರಿದ ಮುಖಕ್ಕೆ ಕರಿಯ ರಸ ಹೀರಿಕೊಳ್ಳಬೇಕು. ಗಾಳಿಗೆ ತೆರೆದಿಟ್ಟ ಟ್ರೇಯಲ್ಲಿ ಹೊರಮೈ ಒಣಗಿ ಸಿಪ್ಪೆಗಟ್ಟಿದರೆ ರಸ ಒಳಗಿಳಿಯುವುದಿಲ್ಲ, ತಟ್ಟೆಯಲ್ಲೇ ನಿಲ್ಲುತ್ತದೆ.

ಇಷ್ಟೊಂದನ್ನು ಒಟ್ಟಿಗೇ ಮಾಡಿಡಬೇಕಾದ ಏರ್ಪಾಡಿನಲ್ಲಿ ಇದು ಹೀಗಾಗದೆ ಇರುವುದು ಕಷ್ಟ. ಕೊಡವ ಅಡುಗೆಯ ಬಹುಪಾಲು ಪದಾರ್ಥಗಳು ಜೋಡಿಯಾಗಿ ಬರುವಂಥವು. ಕಡಂಬುಟ್ಟಿಗೆ ಪಂದಿಕರಿ, ನೂಪುಟ್ಟಿಗೆ ಕೋಳಿ ಕರಿ, ಪಾಪುಟ್ಟಿಗೆ ಕುರಿ ಮಾಂಸ ಎಂದು ಹೊಂದಿಸಿದವರು ರುಚಿಯ ಜೊತೆಗೆ ತೂಕವನ್ನೂ ಲೆಕ್ಕ ಹಾಕಿದ್ದರು. ಪಂದಿಕರಿಯ ಜಿಡ್ಡಿಗೆ ಉಪ್ಪೊಂದನ್ನು ಬಿಟ್ಟರೆ ಏನೂ ಇಲ್ಲದ ಅಕ್ಕಿಯ ಉಂಡೆ ಎದುರು ನಿಲ್ಲುತ್ತದೆ. ಹಾಲು ಮತ್ತು ತೆಂಗಿನಕಾಯಿ ಸೇರಿದ ಪಾಪುಟ್ಟಿನ ಸಣ್ಣ ಸಿಹಿಗೆ ಮಾಂಸದ ಸಾರಿನ ಖಾರ ಸರಿಹೋಗುತ್ತದೆ. ಒಂದೇ ತಟ್ಟೆಯಲ್ಲಿ ಮೂರು ಕರಿ, ನಾಲ್ಕು ಪುಟ್ಟು, ಅದರ ಬದಿಗೆ ನೂಡಲ್ಸ್ ಬಿದ್ದಾಗ ರಸಗಳೆಲ್ಲ ಒಂದಕ್ಕೊಂದು ಹರಿದು, ಯಾವುದನ್ನು ತಿಂದರೂ ಒಂದೇ ಕಂದು ಬಣ್ಣದ, ಒಂದೇ ಖಾರದ ಪದಾರ್ಥ ಬಾಯಿಗೆ ಬರುತ್ತದೆ. ಬಗೆ ಹೆಚ್ಚಾದಷ್ಟೂ ಮನುಷ್ಯ ತಿನ್ನುವ ಪ್ರಮಾಣವೂ ಹೆಚ್ಚುತ್ತದೆ ಎನ್ನುವುದು ಆಹಾರ ಸಂಶೋಧಕರು ಪದೇ ಪದೇ ಕಂಡುಕೊಂಡಿರುವ ಸಂಗತಿ. ಒಂದರ ರುಚಿ ಸಾಕೆನಿಸಿದರೂ ಬೇರೆ ರುಚಿಗೆ ನಾಲಿಗೆ ಮತ್ತೆ ಹೊಸದಾಗಿ ಸಿದ್ಧವಾಗುತ್ತದೆ. ಹೊಟ್ಟೆ ತುಂಬಿದ ಸೂಚನೆ ಮಿದುಳಿಗೆ ಮುಟ್ಟಲು ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ ಎಂದು ವೈದ್ಯರು ಹೇಳುತ್ತಾರೆ. ಸರದಿಯಲ್ಲಿ ಮುಕ್ಕಾಲು ಗಂಟೆ ಹಸಿದು ನಿಂತವರು ಆ ಇಪ್ಪತ್ತು ನಿಮಿಷದಲ್ಲಿ ಮೂರನೆಯ ಸುತ್ತು ಮುಗಿಸಿರುತ್ತಾರೆ.

ಇಲ್ಲಿ ಒಂದು ಮಾತನ್ನು ಬಿಡಿಸಿ ನೋಡದೆ ಈ ಹೋಟೆಲಿನ ಬಗ್ಗೆ ಸರಿಯಾಗಿ ಹೇಳಲಾಗದು. ಮಿತಿಯಿಲ್ಲದ ಊಟದ ಫಲಕದ ಕೆಳಗೆ ದಪ್ಪ ಅಕ್ಷರದಲ್ಲಿ ‘ನಿಮ್ಮ ಬಾಯಿ ಚಪಲ ತೀರುವವರೆಗೆ’ ಎಂದು ಬರೆಸಿದ್ದಾರೆ. ಬರೆಸಿದವರು ‘ಹೊಟ್ಟೆ ತುಂಬುವವರೆಗೆ’ ಎನ್ನಬಹುದಿತ್ತು, ‘ತೃಪ್ತಿಯಾಗುವವರೆಗೆ’ ಎನ್ನಬಹುದಿತ್ತು. ಚಪಲ ಎಂಬ ಮಾತನ್ನೇ ಆರಿಸಿಕೊಂಡಿದ್ದಾರೆ, ಮತ್ತು ತಮಗೆ ಗೊತ್ತಿಲ್ಲದೆಯೇ ಸರಿಯಾದುದನ್ನು ಆರಿಸಿಕೊಂಡಿದ್ದಾರೆ. ಸಂಸ್ಕೃತದಲ್ಲಿ ಚಪಲ ಎಂದರೆ ಒಂದೆಡೆ ನಿಲ್ಲದ್ದು, ಅತ್ತಿತ್ತ ಹೊಯ್ದಾಡುವಂಥದ್ದು. ಮಿಂಚಿಗೂ ಲಕ್ಷ್ಮಿಗೂ ಚಪಲೆ ಎಂಬ ಹೆಸರು ಬಂದಿರುವುದು ಈ ಅರ್ಥದಿಂದಲೇ. ಕನ್ನಡದ ಬಳಕೆಯಲ್ಲಿ ಅದು ನಾಲಿಗೆಗೆ ಬಂದು ಕುಳಿತಿದೆ. ಹಸಿವಿಲ್ಲದಿದ್ದರೂ ತಿನ್ನಬೇಕೆನಿಸುವುದು ಬಾಯಿ ಚಪಲ. ಸಕ್ಕರೆ ಕಾಯಿಲೆಯ ಅಜ್ಜ ಮೊಮ್ಮಗನ ಡಬ್ಬಿಯಿಂದ ಕದ್ದು ಮೈಸೂರುಪಾಕು ತಿಂದರೆ ಮನೆಯವರು ಬೈಯುವುದು ‘ಈ ವಯಸ್ಸಲ್ಲೂ ಬಾಯಿ ಚಪಲ ಬಿಡಲಿಲ್ಲ’ ಎಂದು. ಬೇಡದ ಕಡೆ ಬೇಡದ ಮಾತಾಡಿ ಸಿಕ್ಕಿಬಿದ್ದವರು ‘ಬಾಯಿ ಚಪಲಕ್ಕೆ ಏನೋ ಅಂದುಬಿಟ್ಟೆ’ ಎಂದು ಕೈಮುಗಿಯುತ್ತಾರೆ. ಭಾಷಣದ ಚಪಲ, ಅಧಿಕಾರದ ಚಪಲ, ಹೆಸರಿನ ಚಪಲ ಎಂದೂ ಹೇಳುತ್ತೇವೆ; ಹೆಂಗಸರ ಹಿಂದೆ ಬೀಳುವವನಿಗೆ ಚಪಲಚೆನ್ನಿಗರಾಯ ಎಂಬ ಬಿರುದು ಸಿದ್ಧವಾಗಿಯೇ ಇದೆ.

ಹೊಟ್ಟೆಬಾಕತನ ಇದಕ್ಕಿಂತ ಬೇರೆ. ಹೊಟ್ಟೆಬಾಕನಿಗೆ ಪ್ರಮಾಣ ಮುಖ್ಯ. ಮುಂದಿಟ್ಟದ್ದು ಮುದ್ದೆಯಾದರೂ ಆದೀತು, ಮಂಡಕ್ಕಿಯಾದರೂ ಆದೀತು. ತಿಂಡಿಪೋತ ಎನ್ನುವುದರಲ್ಲಿ ಬೈಗುಳಕ್ಕಿಂತ ಸಲುಗೆ ಹೆಚ್ಚು, ಮಕ್ಕಳಿಗೆ ಮುದ್ದಿನಿಂದಲೂ ಹೇಳುತ್ತಾರೆ. ಕಂಠಪೂರ್ತಿ ಎಂಬುದನ್ನು ಹೆಚ್ಚಾಗಿ ಕುಡಿತಕ್ಕೆ ಮೀಸಲಿಟ್ಟಿದ್ದೇವೆ. ತಿಂದು ತೇಗುವುದು ಊಟದ ಪಂಕ್ತಿಯಿಂದ ಎದ್ದು ಸರ್ಕಾರಿ ಕಾಮಗಾರಿಗಳ ಕಡೆಗೆ ಹೋಗಿ ಬಹಳ ಕಾಲವಾಯಿತು. ಇವುಗಳಲ್ಲಿ ಚಪಲಕ್ಕೆ ಮಾತ್ರ ತೀರುವ ಗುಣವಿಲ್ಲ. ‘ಚಪಲ ತೀರಿಸಿಕೊಂಡ’ ಎಂದು ನಾವು ಹೇಳುವುದೇನೋ ಉಂಟು, ಆದರೆ ಹಾಗೆ ಹೇಳುವಾಗ ತುಟಿಯಲ್ಲೊಂದು ಕೊಂಕು ಇದ್ದೇ ಇರುತ್ತದೆ, ಏಕೆಂದರೆ ನಾಳೆ ಅದು ಮತ್ತೆ ಬರುತ್ತದೆಂದು ಹೇಳುವವನಿಗೂ ಕೇಳುವವನಿಗೂ ಗೊತ್ತಿದೆ. ಹಾಗಿರುವಾಗ ‘ಚಪಲ ತೀರುವವರೆಗೆ’ ಎಂಬ ಭರವಸೆಯನ್ನು 550 ರೂಪಾಯಿಗೆ ಕೊಡುವ ಹೋಟೆಲು ತನ್ನಿಂದಾಗದ ಕೆಲಸವನ್ನು ಒಪ್ಪಿಕೊಂಡಂತಾಗಿದೆ.

ಆ ಏರ್ಪಾಡು ಜನರನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಪಕ್ಕದ ಮೇಜಿನಲ್ಲೇ ನೋಡಬಹುದಾಗಿತ್ತು. ಒಂದು ಕುಟುಂಬ, ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಒಬ್ಬರು ಅಜ್ಜಿ. ಮೊದಲ ಸುತ್ತಿನಲ್ಲಿ ಎಲ್ಲರೂ ಸಂತೋಷದಿಂದಲೇ ತಿಂದರು. ಎರಡನೆಯ ಸುತ್ತಿನ ಹೊತ್ತಿಗೆ ಅಪ್ಪನ ಮಾತು ಲೆಕ್ಕಕ್ಕೆ ತಿರುಗಿತ್ತು: ‘ಐನೂರೈವತ್ತು ಕೊಟ್ಟಿದ್ದೀವಿ, ಮಟನ್ ಮುಟ್ಟೇ ಇಲ್ವಲ್ಲ ನೀನು.’ ಅಜ್ಜಿಗೆ ಅರ್ಧ ಕಡಂಬುಟ್ಟಿಗೇ ಸಾಕಾಗಿತ್ತು. ‘ನನ್ನ ಪಾಲಿಂದೂ ನೀನೇ ತಿನ್ನಪ್ಪ’ ಎಂದು ಮಗನಿಗೆ ಹೇಳಿದರು. ಮಗ ತಿಂದರು ಕೂಡ, ಬೆಲ್ಟಿನ ತೂತು ಒಂದು ಬದಲಿಸಿಕೊಂಡು. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎಂಬ ಗಾದೆ ನಮ್ಮಲ್ಲಿದೆ, ಆದರೆ ಇದು ಬಿಟ್ಟಿಯಲ್ಲ; ಮುಂಗಡವಾಗಿ ಹಣ ಕೊಟ್ಟಿರುವುದರಿಂದಲೇ ತಿನ್ನುವುದು ಒಂದು ವಸೂಲಿಯ ಕೆಲಸವಾಗಿಬಿಡುತ್ತದೆ. ಇದರ ಜೊತೆಗೆ ಗೋಡೆಯ ಮೇಲೆ ‘ತಟ್ಟೆಯಲ್ಲಿ ಆಹಾರ ಉಳಿಸಿದರೆ 100 ರೂಪಾಯಿ ದಂಡ’ ಎಂಬ ಇನ್ನೊಂದು ಫಲಕವಿದೆ. ಅನ್ನ ಚೆಲ್ಲಬಾರದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಫಲಕ ಬೇಕಾದಷ್ಟು ಹಾಕಿಕೊಳ್ಳಿ ಎಂದು ಕೈಹಿಡಿದು ಕರೆದು, ಇನ್ನೊಂದು ಫಲಕ ಹಾಕಿಕೊಂಡದ್ದನ್ನು ಬಿಟ್ಟೀರಿ ಜೋಕೆ ಎಂದು ಗದರಿಸಿದರೆ, ನಡುವೆ ಸಿಕ್ಕಿದವನಿಗೆ ನುಂಗುವುದೊಂದೇ ದಾರಿ. ಇದಕ್ಕೆ ಸುಲಭವಾದ ಪರಿಹಾರ ಅರ್ಧ ಸೌಟು ಬಡಿಸುವುದು. ಅದನ್ನು ಮಾಡಲು ಟ್ರೇಗಳ ಹಿಂದೆ ಒಬ್ಬರು ನಿಂತಿರಬೇಕು.

ಹಬ್ಬದೂಟದಲ್ಲಿ ಹೊಟ್ಟೆ ಬಿರಿಯ ತಿನ್ನುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಖಂಡಿತ ತಿನ್ನುತ್ತಾರೆ, ಕೊಡಗಿನಲ್ಲಂತೂ ಚೆನ್ನಾಗಿಯೇ ತಿನ್ನುತ್ತಾರೆ. ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ ಮಾಡಿ, ಪಂದಿಕರಿ ಕಡಂಬುಟ್ಟು ಉಂಡು, ಸಂಜೆಯವರೆಗೆ ಆಟ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಅದು ಮುಂಗಾರಿನುದ್ದಕ್ಕೂ ಗದ್ದೆಯ ಕೆಸರಿನಲ್ಲಿ ನಾಟಿ ಮಾಡಿದವರ ಹಬ್ಬ. ಕೆಲಸ ಮುಗಿದ ಮೇಲಿನ ಹಸಿವು ಅದರ ಹಿಂದಿದೆ. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಬರುವ ಸುಗ್ಗಿಯ ಹಬ್ಬ ಹುತ್ತರಿಗೆ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದಿನ ನಿಗದಿಯಾಗಿ, ಕದಿರು ತೆಗೆದ ರಾತ್ರಿ ಹೊಸ ಅಕ್ಕಿಯ ಪಾಯಸ, ಬಾಳೆಹಣ್ಣಿನ ತಂಬುಟ್ಟು. ಆ ದಿನ ಒಬ್ಬರು ಇನ್ನೊಂದು ಸೌಟು ಹಾಕಿಸಿಕೊಂಡರೆ ಅದನ್ನು ಯಾರೂ ಚಪಲ ಎನ್ನುವುದಿಲ್ಲ. ಉಪಚಾರ ಮಾಡುವವರಿಗೂ ಬೇಡವೆನ್ನುವವರಿಗೂ ಅಲ್ಲಿ ಒಂದು ಮರ್ಯಾದೆಯ ಹಗ್ಗಜಗ್ಗಾಟ ಇರುತ್ತದೆ, ‘ಸಾಕು’ ಎಂಬ ಮಾತಿಗೆ ಎಲೆಯ ಮೇಲೆ ಅಡ್ಡ ಹಿಡಿದ ಕೈಯ ಬಲವಿರುತ್ತದೆ. ತಾನೇ ಬಡಿಸಿಕೊಳ್ಳುವ ಮೇಜಿನ ಮುಂದೆ ಸಾಕು ಎಂದು ಯಾರಿಗೆ ಹೇಳಬೇಕು?

ಋತುವನ್ನು ಮರೆಯುವುದರಲ್ಲಿ ಈ ಹೋಟೆಲು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಸಿಹಿಯ ಸಾಲಿನಲ್ಲಿ ನೇರಳೆ ಬಣ್ಣದ ಮದ್ದು ಪಾಯಸ ಇತ್ತು. ಕೊಡವ ಪಂಚಾಂಗದ ಕಕ್ಕಡ ತಿಂಗಳ 18ನೆಯ ದಿನ, ಅಂದರೆ ಆಗಸ್ಟ್ 3ರ ಆಸುಪಾಸಿನಲ್ಲಿ, ಮದ್ದು ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರುತ್ತದೆ ಎಂಬ ನಂಬಿಕೆಯಿಂದ ಆ ಸೊಪ್ಪನ್ನು ಕುದಿಸಿ, ಬಣ್ಣ ಬಿಟ್ಟ ನೀರಿನಲ್ಲಿ ಪಾಯಸ ಮಾಡುತ್ತಾರೆ. ಅದನ್ನು ತಿಂದವರ ಮೂತ್ರ ಕೆಂಪಾಗುತ್ತದೆ. ಗೊತ್ತಿಲ್ಲದ ಪ್ರವಾಸಿಗರು ಗಾಬರಿಯಾಗುವುದೂ ಉಂಟು, ಹಾಗಾಗಿ ಟ್ರೇಯ ಮುಂದೆ ಒಂದು ಚೀಟಿ ಅಂಟಿಸುವುದು ಒಳ್ಳೆಯದು. ನಾನು ಹೋದದ್ದು ಬೇಸಗೆಯಲ್ಲಿ. ಮಳೆಗಾಲದ ಪಾಯಸ ಈಗ ಹೇಗೆ ಎಂದು ಕೇಳಿದಾಗ, ಟ್ರೇ ತುಂಬಲು ಬಂದಿದ್ದ ಹೆಂಗಸು ಮುಚ್ಚುಮರೆಯಿಲ್ಲದೆ ‘ರಸ ತೆಗೆದು ಫ್ರೀಜರ್‌ನಲ್ಲಿ ಇಡ್ತೇವೆ ಅಣ್ಣ, ಬಣ್ಣ ಬರ್ತದೆ, ಪರಿಮಳ ಅಷ್ಟು ಬರೋದಿಲ್ಲ’ ಎಂದರು. ಅವರು ಹೇಳಿದಂತೆಯೇ ಇತ್ತು: ಬಣ್ಣವಿತ್ತು, ಸೊಪ್ಪಿನ ಆ ವಿಶಿಷ್ಟ ಪರಿಮಳ ಇರಲಿಲ್ಲ, ಆ ಕೊರತೆ ತುಂಬಲು ಏಲಕ್ಕಿ ಹೆಚ್ಚು ಬಿದ್ದಿತ್ತು. ಕುಮ್ಮು ಕರಿಯದೂ ಇದೇ ಕಥೆ. ಗುಡುಗಿನ ಮಳೆಗೆ ಏಳುವ ಕಾಡಿನ ಅಣಬೆಯ ಜಾಗದಲ್ಲಿ ಅಂಗಡಿಯ ಬಟನ್ ಅಣಬೆ. ಮಸಾಲೆ ಸರಿಯಾಗಿದ್ದರೂ ಅಣಬೆಗೆ ತನ್ನದೆನ್ನುವ ರುಚಿಯೇ ಇಲ್ಲ. ಬೈಂಬಳೆ ಮಾತ್ರ ಚೆನ್ನಾಗಿತ್ತು. ಎಳೆಯ ಕಣಿಲೆಯನ್ನು ಹೆಚ್ಚಿ, ನೀರು ಬದಲಿಸುತ್ತ ನೆನೆಸಿ, ಅದರಲ್ಲಿರುವ ವಿಷದ ಅಂಶವನ್ನೂ ಕಹಿಯನ್ನೂ ಕಳೆದ ಮೇಲೆಯೇ ಬೇಯಿಸಬೇಕು. ಉಪ್ಪಿನಲ್ಲಿ ಹಾಕಿಟ್ಟದ್ದು ವರ್ಷದ ಉಳಿದ ಕಾಲಕ್ಕೂ ಬರುತ್ತದೆ. ಇವರು ಬಳಸಿದ್ದು ಅಂಥ ಉಪ್ಪಿನ ಕಣಿಲೆಯನ್ನೇ. ಅದರ ಹುಳಿವಾಸನೆಗೆ ಹೆದರಿ ತೆಂಗಿನಕಾಯಿ ಸುರಿದು ಮುಚ್ಚಿಹಾಕಿರಲಿಲ್ಲ. ಸಸ್ಯಾಹಾರಿಗಳು ಇದೊಂದಕ್ಕಾಗಿ ಇಲ್ಲಿಗೆ ಬರಬಹುದು.

ಕೆಲಸದವರ ನಡವಳಿಕೆಯಲ್ಲಿ ದೂರಲು ಏನೂ ಇಲ್ಲ. ಮೇಜು ಒರೆಸುವ ಹುಡುಗರಿಂದ ಗಲ್ಲಾದವರ ವರೆಗೆ ಎಲ್ಲರೂ ಮಾತಿಗೆ ಮಾತು ಕೊಡುತ್ತಾರೆ, ಕೇಳಿದ್ದಕ್ಕೆ ನಿಜವನ್ನೇ ಹೇಳುತ್ತಾರೆ. ಬಿಲ್ಲಿನಲ್ಲಿ ಸೇವಾ ಶುಲ್ಕ ಸೇರಿಸಿರಲಿಲ್ಲ. ಹಾಗೆ ತಾವೇ ಸೇರಿಸಕೂಡದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿದ್ದರೂ ಇದೇ ಹೆದ್ದಾರಿಯಲ್ಲಿ ಕೆಲವರು ಇನ್ನೂ ಸೇರಿಸುತ್ತಾರೆ. ಶೌಚಾಲಯ ಚೊಕ್ಕಟವಾಗಿದೆ. ಗಲ್ಲಾದ ಪಕ್ಕದಲ್ಲಿ ‘ಹೋಂಮೇಡ್’ ಎಂಬ ಚೀಟಿ ಹೊತ್ತ ಚಾಕೊಲೇಟಿನ ಗುಡ್ಡವೇ ಇದೆ. ಹೊಟ್ಟೆ ಹಿಡಿದುಕೊಂಡು ಹೊರಟವರೂ ಅಲ್ಲಿ ನಿಂತು ಕಾಲು ಕಿಲೋ ಕಟ್ಟಿಸಿಕೊಳ್ಳುತ್ತಿದ್ದರು. ಕೊಳ್ಳುವ ಮೊದಲು ಪೊಟ್ಟಣದ ಹಿಂಬದಿ ಓದಿ, ಕೋಕೋ ಬೆಣ್ಣೆಯ ಬದಲು ವನಸ್ಪತಿ ಕೊಬ್ಬು ಎಂದಿದ್ದರೆ ಬಿಟ್ಟುಬಿಡುವುದು ಲೇಸು.

ಹಾಗಾದರೆ ಈ ಹೋಟೆಲಿಗೆ ಹೋಗಬಹುದೇ? ಹೋಗಬಹುದು, ಆದರೆ ಮಿತಿಯಿಲ್ಲದ ಊಟದ ಸಾಲಿನಲ್ಲಿ ನಿಲ್ಲದೆ, ಕುಳಿತ ಕೂಡಲೇ ಬಿಡಿ ಪದಾರ್ಥಗಳ ಪಟ್ಟಿಯನ್ನು ಕೇಳಿ ತರಿಸಿಕೊಳ್ಳಬೇಕು. ಅದರಲ್ಲಿ ಪಂದಿಕರಿ ಒಂದು ಪ್ಲೇಟಿಗೆ 260, ನಾಲ್ಕು ಕಡಂಬುಟ್ಟಿಗೆ 60 ರೂಪಾಯಿ. ಇಬ್ಬರು ಹಂಚಿಕೊಂಡು ತಿನ್ನುವಷ್ಟು ಬರುತ್ತದೆ. ಮುಖ್ಯವಾದ ವ್ಯತ್ಯಾಸವೆಂದರೆ ಇದು ಟ್ರೇಯಿಂದ ಬರುವುದಿಲ್ಲ. ಕರಿಯನ್ನು ಸಣ್ಣ ಬಾಣಲೆಯಲ್ಲಿ ಬಿಸಿ ಮಾಡಿ, ಕಡಂಬುಟ್ಟನ್ನು ಹಬೆಯ ಪಾತ್ರೆಯಿಂದ ನೇರವಾಗಿ ತೆಗೆದು ತರುತ್ತಾರೆ, ಮತ್ತು ಇದಕ್ಕೆ ಹದಿನೈದು ನಿಮಿಷ ಹಿಡಿಯುತ್ತದೆ. ನೂಪುಟ್ಟು ಕೋಳಿ ಕರಿಯ ಜೋಡಿಯೂ ಇದೇ ಪಟ್ಟಿಯಲ್ಲಿದೆ, ಆದರೆ ಕೋಳಿ ಫಾರಂ ಕೋಳಿಯಾದ್ದರಿಂದ ಅಷ್ಟೇನೂ ಶಿಫಾರಸು ಮಾಡಲಾರೆ. ಅಕ್ಕಿ ಒಟ್ಟಿಯನ್ನು ಕೆಂಡದ ಮೇಲೆ ಉಬ್ಬಿಸಿ ಕೊಡುವುದಾದರೆ ತರಿಸಿಕೊಳ್ಳಿ, ತವಾದ ಮೇಲಿನದಾದರೆ ಬೇಡ. ಊಟದ ನಂತರ ಬೆಲ್ಲದ ಕಾಫಿ ಕೇಳಿ ಪಡೆಯಿರಿ. ಹಾಲಿಲ್ಲದ, ಕಾಳುಮೆಣಸು ಸೋಕಿದ ಆ ಕಾಫಿ ಪಟ್ಟಿಯಲ್ಲಿ ಇಲ್ಲ, ಅಡುಗೆಮನೆಯವರು ತಮಗಾಗಿ ಮಾಡಿಕೊಳ್ಳುವುದರಲ್ಲಿ ಒಂದು ಲೋಟ ಕೊಡುತ್ತಾರೆ.

ಶನಿವಾರ ಭಾನುವಾರ ಬಿಟ್ಟು ಬೇರೆ ದಿನ, ಹನ್ನೆರಡೂವರೆಯ ಒಳಗೆ ಹೋದರೆ ಗಾಡಿ ನಿಲ್ಲಿಸಲು ಜಾಗವೂ ಸಿಗುತ್ತದೆ. ಗಲ್ಲಾದಲ್ಲಿ ಕಾಚಂಪುಳಿಯ ಬಾಟಲಿಗಳೂ ಮಾರಾಟಕ್ಕಿವೆ. ಬಾಟಲಿಯನ್ನು ಓರೆ ಮಾಡಿದಾಗ ಗಾಜಿಗೆ ಅಂಟಿಕೊಂಡು ನಿಧಾನವಾಗಿ ಇಳಿಯುವುದನ್ನು ಆರಿಸಿಕೊಳ್ಳಿ, ನೀರಿನಂತೆ ಸರಸರನೆ ಹರಿಯುವುದನ್ನು ಅಲ್ಲೇ ಬಿಟ್ಟು ಬನ್ನಿ.